ಓದುಗರೊಡನೆ: ಕಾಕಸಸ್ಸಿನ ನುಡಿಗಳು, ನಾರ್ತರ ಕಥೆಗಳು

ಹೋದ ತಿಂಗಳ ಅಂಕಣದಲ್ಲಿ ಫ್ರಾನ್ಸಿನ ವಿದ್ವಾಂಸ ಜಾರ್ಜ್ ದ್ಯುಮೆಜಿಲ್ ಅವರು ಕಾಕಸಸ್ ಸೀಮೆಯ ಭಾಷೆಗಳನ್ನೂ ಜನಪದ ಕಥೆಗಳನ್ನೂ ಅಭ್ಯಾಸ ಮಾಡಿದ್ದನ್ನು ಕುರಿತು ಒಂದು ಪುಟ ಬರೆದಿದ್ದೆ. ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವೆ ಹಬ್ಬಿದ ಆ ಬೆಟ್ಟಸಾಲಿನ ಸಂಗತಿ ನಮ್ಮ ಮೂರು ಜಿಲ್ಲೆಗಳ ಓದುಗರಿಗೆ ಎಷ್ಟರ ಮಟ್ಟಿಗೆ ಹಿಡಿಸೀತೆಂಬ ಅಳುಕು ನನಗಿತ್ತು. ಬಂದ ಪತ್ರಗಳ ಕಟ್ಟು ಆ ಅಳುಕನ್ನು ಸುಳ್ಳು ಮಾಡಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಏಳಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ದ್ಯುಮೆಜಿಲ್ ಅವರು ರೋಮ್ ಮತ್ತು ಭಾರತದ ದೇವತೆಗಳ ಮೇಲೆ ಬರೆದವರೆಂದು ಕೇಳಿದ್ದೆ. ಅವರು ಕಾಕಸಸ್ಸಿನ ಕಡೆಗೆ ಹೊರಳಿದ್ದು ಹೇಗೆ? ಆ ಬೆಟ್ಟಗಳಲ್ಲಿ ಇದ್ದುಕೊಂಡೇ ಕಥೆ ಸಂಗ್ರಹಿಸಿದರೇ? (ಎಂ.ಎ. ವಿದ್ಯಾರ್ಥಿನಿ, ಬೆಳಗಾವಿ)

ಉತ್ತರ: ಬೆಟ್ಟಗಳಲ್ಲಿ ಅಲ್ಲ, ಬೆಟ್ಟ ಬಿಟ್ಟು ಬಂದವರ ನಡುವೆ. 1898ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ದ್ಯುಮೆಜಿಲ್ 1924ರಲ್ಲಿ ಮಂಡಿಸಿದ ಪ್ರಬಂಧದ ವಿಷಯ ಅಮೃತ. ನಮ್ಮ ಸಮುದ್ರಮಥನದ ಅಮೃತಕ್ಕೂ ಗ್ರೀಕರ ದೇವಪಾನಕ್ಕೂ ಇರುವ ನಂಟನ್ನು ಹುಡುಕಿದ ಆ ಪ್ರಬಂಧ ಹಿರಿಯರಿಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ, ಸ್ವದೇಶದಲ್ಲಿ ಹುದ್ದೆ ಸಿಗುವ ಸೂಚನೆಯೂ ಇರಲಿಲ್ಲ. ಅದೇ ಹೊತ್ತಿಗೆ ತುರ್ಕಿಯ ಹೊಸ ಗಣರಾಜ್ಯವು ಇಸ್ತಾಂಬುಲ್ ವಿಶ್ವವಿದ್ಯಾಲಯದಲ್ಲಿ ಧರ್ಮಗಳ ಇತಿಹಾಸವನ್ನು ಕಲಿಸಲು ಒಂದು ಪೀಠವನ್ನು ತೆರೆದಿತ್ತು. 1925ರಲ್ಲಿ ಅವರು ಅಲ್ಲಿಗೆ ಹೋದರು, 1931ರವರೆಗೆ ಅಲ್ಲಿಯೇ ಇದ್ದರು.

ಇಸ್ತಾಂಬುಲಿನಿಂದ ಹೆಚ್ಚು ದೂರವಿಲ್ಲದ ಹಳ್ಳಿಗಳಲ್ಲಿ ಕಾಕಸಸ್ಸಿನ ಜನ ನೆಲೆಸಿದ್ದರು. 1864ರಲ್ಲಿ ರಷ್ಯದ ಸಾಮ್ರಾಜ್ಯ ವಾಯವ್ಯ ಕಾಕಸಸ್ಸನ್ನು ಪೂರ್ತಿಯಾಗಿ ಗೆದ್ದುಕೊಂಡಾಗ ಚೆರ್ಕೆಸ್, ಉಬಿಖ್, ಅಬ್ಖಾಜ್ ಜನಾಂಗಗಳ ಲಕ್ಷಾಂತರ ಮಂದಿ ಹಡಗು ಹತ್ತಿ ಆಟೋಮನ್ ಸೀಮೆಗೆ, ಅಂದರೆ ಇಂದಿನ ತುರ್ಕಿಯ ಕಡೆಗೆ, ಹೋಗಬೇಕಾಯಿತು. ದಾರಿಯಲ್ಲಿ ಹಸಿವಿನಿಂದಲೂ ರೋಗದಿಂದಲೂ ಸತ್ತವರು ಬಹಳ. ಉಬಿಖರಂತೂ ಇಂದಿನ ಸೋಚಿ ನಗರದ ಸುತ್ತಿನ ಕರಾವಳಿಯನ್ನು ಹೆಚ್ಚುಕಡಿಮೆ ಸಂಪೂರ್ಣವಾಗಿ ತೊರೆದರು. ಅವರ ಮಕ್ಕಳು ಮೊಮ್ಮಕ್ಕಳ ಬಾಯಲ್ಲಿ ಉಳಿದಿದ್ದ ನುಡಿಯನ್ನೂ ಕಥೆಯನ್ನೂ ದ್ಯುಮೆಜಿಲ್ ಕೇಳಿ ಬರೆದುಕೊಂಡರು. 1930ರಲ್ಲಿ, ಕಾಕಸಸ್ಸಿನ ಜನ ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ನಾರ್ತರೆಂಬ ಪುರಾಣವೀರರ ಕಥೆಗಳ ಮೇಲಿನ ಪುಸ್ತಕ, 1931ರಲ್ಲಿ ಉಬಿಖ್ ಭಾಷೆಯ ಮೇಲಿನ ಪುಸ್ತಕ ಬಂದವು. ಮುಂದೆ ಅವರು ಪ್ಯಾರಿಸ್ಸಿನ ಕಾಲೇಜ್ ದ ಫ್ರಾನ್ಸಿನಲ್ಲಿ 1949ರಿಂದ 1968ರವರೆಗೆ ಪ್ರಾಧ್ಯಾಪಕರಾಗಿದ್ದರು, 1978ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದರು. ಉಬಿಖ್ ಭಾಷೆಯನ್ನು ಮಾತ್ರ ಕೊನೆಯವರೆಗೆ ಬಿಡಲಿಲ್ಲ. ದೊಡ್ಡ ಸಿದ್ಧಾಂತಗಳಿಂದ ಹೆಸರು ಗಳಿಸಿದ ಮನುಷ್ಯನೊಬ್ಬ ನಾಲ್ಕಾರು ಮುದುಕರಷ್ಟೇ ಆಡುವ ಮಾತಿನ ಕ್ರಿಯಾಪದಗಳ ಮೇಲೆ ದಶಕಗಟ್ಟಲೆ ಕೂತಿದ್ದೇ ನನಗೆ ಅವರ ಬದುಕಿನಲ್ಲಿ ಹೆಚ್ಚು ಮೆಚ್ಚುಗೆಯಾಗುವ ಭಾಗ.

ಪ್ರಶ್ನೆ: ಉಬಿಖ್ ಭಾಷೆಯಲ್ಲಿ ಎಂಬತ್ತಕ್ಕೂ ಹೆಚ್ಚು ವ್ಯಂಜನಗಳಿದ್ದವೆಂದು ಬರೆದಿದ್ದೀರಿ. ಇದು ಮುದ್ರಣದೋಷವೇ? ಹದಿನೆಂಟು ಎಂದಿರಬೇಕಿತ್ತೇ? (ಪ್ರೌಢಶಾಲೆಯ ಕನ್ನಡ ಶಿಕ್ಷಕರು, ಜಮಖಂಡಿ)

ಉತ್ತರ: ಗುರುಗಳೇ, ಮುದ್ರಣದೋಷವಲ್ಲ. ನಮ್ಮ ವರ್ಣಮಾಲೆಯಲ್ಲಿ 34 ವ್ಯಂಜನಗಳಿವೆ. ಉಬಿಖ್ ಭಾಷೆಯಲ್ಲಿ, ಹೊರಗಿನಿಂದ ಬಂದ ಕೆಲವನ್ನೂ ಸೇರಿಸಿದರೆ, 84. ಅವುಗಳಲ್ಲಿ 20 ವ್ಯಂಜನಗಳು ಕಿರುನಾಲಿಗೆಯ ಬಳಿಯಲ್ಲೇ ಹುಟ್ಟುವಂಥವು. ಅರಬ್ಬಿಯಲ್ಲಿ ಕುರಾನ್ ಎಂಬ ಮಾತಿನ ಮೊದಲ ಅಕ್ಷರವನ್ನು ಬಲ್ಲವರು ಉಚ್ಚರಿಸುವಾಗ ಕೇಳಿದ್ದರೆ ಆ ಜಾಗ ಯಾವುದೆಂದು ನಿಮಗೆ ತಿಳಿಯುತ್ತದೆ. ಸ್ವರಗಳಾದರೋ ಎರಡೇ ಎಂದು ಭಾಷಾವಿಜ್ಞಾನಿಗಳು ಎಣಿಸುತ್ತಾರೆ, ಮೂರೆನ್ನುವವರೂ ಇದ್ದಾರೆ. ನಾವು ಸ್ವರಗಳಿಂದ ಮಾಡುವ ಕೆಲಸವನ್ನು ಅವರು ವ್ಯಂಜನಗಳಿಂದ ಮಾಡಿಕೊಂಡರು. ನಾವು ‘ಕು’ ಎಂದು ತುಟಿ ದುಂಡಗೆ ಮಾಡಿದರೆ ಆ ದುಂಡುತನ ಸ್ವರದ್ದು. ಅವರಲ್ಲಿ ಅದು ‘ಕ’ಕಾರದ್ದೇ ಆಗಿ, ತುಟಿ ದುಂಡಾದ ‘ಕ’ ಬೇರೆ ಅಕ್ಷರ, ನಾಲಿಗೆ ಅಂಗುಳಕ್ಕೆ ಏರಿದ ‘ಕ’ ಬೇರೆ ಅಕ್ಷರ.

ಇದರ ಜೊತೆಗೆ ಕಾಕಸಸ್ಸಿನ ಬಹುತೇಕ ಭಾಷೆಗಳಲ್ಲಿ ಇನ್ನೊಂದು ಬಗೆಯ ವ್ಯಂಜನವಿದೆ. ಹಿಂದೆ ತರಗತಿಯಲ್ಲಿ ಇದನ್ನು ತೋರಿಸಲು ನಾನು ಒಂದು ಉಪಾಯ ಮಾಡುತ್ತಿದ್ದೆ, ನೀವೂ ನಿಮ್ಮ ಮಕ್ಕಳೆದುರು ಮಾಡಿ ನೋಡಬಹುದು. ಬೆರಳಗಲದ ತೆಳು ಕಾಗದದ ಪಟ್ಟಿಯೊಂದನ್ನು ತುಟಿಯ ಮುಂದೆ ಇಳಿಬಿಟ್ಟು ‘ಪ’ ಎನ್ನಿರಿ, ಕಾಗದ ಸ್ವಲ್ಪ ಅಲುಗುತ್ತದೆ. ‘ಫಲ’ದ ‘ಫ’ವನ್ನು ಮಹಾಪ್ರಾಣವಾಗಿ ಎನ್ನಿರಿ, ಕಾಗದ ಹಾರುತ್ತದೆ. ಈಗ ಭಾರ ಎತ್ತುವವರಂತೆ ಉಸಿರು ಬಿಗಿಹಿಡಿದು, ಗಂಟಲನ್ನು ಮುಚ್ಚಿಕೊಂಡೇ, ಬಾಯೊಳಗೆ ಉಳಿದಷ್ಟು ಗಾಳಿಯಿಂದ ‘ಪ್’ ಎಂದು ತುಟಿ ಬಿಡಿಸಿರಿ. ಎದೆಯ ಗಾಳಿ ಹೊರಬರುವುದಿಲ್ಲ, ಬಾಟಲಿಯ ಬೂಚು ಕಿತ್ತಂಥ ಸಣ್ಣ ಸಿಡಿತ ಮಾತ್ರ ಕೇಳಿಸುತ್ತದೆ. ಹುಡುಗರು ಮೊದಲು ನಗುತ್ತಿದ್ದರು, ಐದು ನಿಮಿಷದಲ್ಲಿ ಇಬ್ಬರು ಮೂವರಿಗೆ ಬಂದೇ ಬರುತ್ತಿತ್ತು. ಜಾರ್ಜಿಯನ್ ಭಾಷೆಯಲ್ಲಿ ಈ ಸಿಡಿತದ ‘ಪ’ ಮತ್ತು ಉಸಿರಿನ ‘ಪ’ ಎರಡೂ ಇದ್ದು, ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಶಬ್ದವೇ ಬದಲಾಗುತ್ತದೆ.

ವ್ಯಾಕರಣದ ಬಗ್ಗೆಯೂ ಎರಡು ಮಾತು ಸೇರಿಸುತ್ತೇನೆ. ಗಡಿಭಾಗದಲ್ಲಿ ಮರಾಠಿ ಕೇಳಿ ಬೆಳೆದ ನಿಮ್ಮಂಥವರಿಗೆ ಅದನ್ನು ವಿವರಿಸುವುದು ಸುಲಭ. ಕನ್ನಡದಲ್ಲಿ ‘ಅವನು ಮಾವಿನಹಣ್ಣು ತಿಂದನು, ಅವನು ಹೋಳಿಗೆ ತಿಂದನು’ ಎನ್ನುತ್ತೇವೆ, ಏನು ತಿಂದರೂ ಕ್ರಿಯಾಪದ ತಿಂದವನ ಹಿಂದೆಯೇ ಹೋಗುತ್ತದೆ. ಮರಾಠಿಯಲ್ಲಿ ‘ತ್ಯಾನೆ ಆಂಬಾ ಖಾಲ್ಲಾ, ತ್ಯಾನೆ ಪೋಳಿ ಖಾಲ್ಲಿ’. ಇಲ್ಲಿ ಕ್ರಿಯಾಪದ ತಿಂದವನನ್ನು ಬಿಟ್ಟು ತಿನಿಸಿನ ಲಿಂಗವನ್ನು ಹಿಡಿಯಿತು. ಮರಾಠಿಯಲ್ಲಿ ಭೂತಕಾಲಕ್ಕೆ ಸೀಮಿತವಾದ ಈ ಬಗೆ ಕಾಕಸಸ್ಸಿನ ಅನೇಕ ಭಾಷೆಗಳಲ್ಲಿ ವ್ಯಾಕರಣದ ಬೆನ್ನೆಲುಬೇ ಆಗಿದೆ. ಉಬಿಖ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೊಟ್ಟವನು, ಕೊಟ್ಟ ವಸ್ತು, ಪಡೆದವನು ಮೂವರ ಗುರುತನ್ನೂ ಕ್ರಿಯಾಪದದ ಮುಂದೆಯೇ ಪೋಣಿಸುತ್ತದೆ. ಪೂರ್ವ ಭಾಗದ ದಾಗೆಸ್ತಾನದಲ್ಲಿ ಸಾವಿರದ ಆಸುಪಾಸಿನ ಜನ ಆಡುವ ಆರ್ಚಿ ಎಂಬ ಭಾಷೆಯಿದೆ. ಅದರ ಒಂದು ಕ್ರಿಯಾಪದದಿಂದ 15,02,839 ರೂಪಗಳು ಹುಟ್ಟಬಲ್ಲವೆಂದು ಮಾಸ್ಕೋದ ಭಾಷಾವಿಜ್ಞಾನಿ ಅಲೆಕ್ಸಾಂಡರ್ ಕಿಬ್ರಿಕ್ ಲೆಕ್ಕ ಹಾಕಿದ್ದರು. ಅಷ್ಟನ್ನೂ ಯಾರೂ ಬಾಯಿಪಾಠ ಮಾಡುವುದಿಲ್ಲ, ನಿಯಮಗಳು ತಿಳಿದಿದ್ದರೆ ಬೇಕಾದಾಗ ರೂಪ ತಾನಾಗಿ ಬರುತ್ತದೆ.

ಪ್ರಶ್ನೆ: ನಾರ್ತರ ಕಥೆ, ನಾರ್ತರ ಕಥೆ ಎಂದು ಮೂರು ಸಲ ಬರೆದಿರಿ, ಒಂದು ಕಥೆಯನ್ನೂ ಹೇಳಲಿಲ್ಲ. ಹಾಡುವವರ ಮನೆತನದವನು ನಾನು. ಕಥೆ ಹೇಳದೆ ಕಥೆಯ ಬಗ್ಗೆ ಮಾತಾಡುವುದು ಉಣ್ಣಲು ಕೂರಿಸಿ ಬರೀ ತಾಟು ಇಟ್ಟಂತೆ. (ಓದುಗರು, ಮುಧೋಳ)

ಉತ್ತರ: ತಪ್ಪು ಒಪ್ಪಿಕೊಂಡೆ. ರನ್ನನ ಊರಿನವರಾದ ನಿಮಗೆ ತೊಡೆ ಮುರಿದ ದುರ್ಯೋಧನನ ಕಥೆ ಹೊಸದಲ್ಲವಾದ್ದರಿಂದ ಅದಕ್ಕೆ ಹತ್ತಿರದ ಕಥೆಯನ್ನೇ ಆರಿಸಿಕೊಂಡಿದ್ದೇನೆ. ಕಾಕಸಸ್ಸಿನ ನಡುಭಾಗದ ಒಸ್ಸೆಟ್ ಜನ ಹೇಳುವ ಪಾಠ ಇದು.

ನಾರ್ತರ ಮನೆಯೊಡತಿ ಸತಾನಾ ಒಂದು ದಿನ ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಆಚೆ ದಂಡೆಯಲ್ಲಿದ್ದ ಕುರುಬನೊಬ್ಬ ಅವಳನ್ನು ಕಂಡು ಮನಸೋತ. ಅವನ ಆಸೆಯ ಬೀಜ ಒಂದು ಕಲ್ಲಿನ ಮೇಲೆ ಬಿತ್ತು. ಸತಾನಾ ಏನೂ ಮಾತಾಡಲಿಲ್ಲ, ದಿನ ಎಣಿಸುತ್ತಾ ಹೋದಳು. ದಿನ ತುಂಬಿದಾಗ ಆ ಕಲ್ಲನ್ನು ಒಡೆಸಿ ಒಳಗಿದ್ದ ಗಂಡುಮಗುವನ್ನು ಎತ್ತಿಕೊಂಡಳು. ಅವನೇ ಸೊಸ್ಲಾನ್. ಬೆಳೆದ ಮೇಲೆ, ತನ್ನ ಮೈಯನ್ನು ಉಕ್ಕಿನಂತೆ ಹದಗೊಳಿಸಬೇಕೆಂದು ಅವನೇ ಕೇಳಿಕೊಂಡ. ದೇವಲೋಕದ ಕಮ್ಮಾರ ಕುರ್ದಲಗೋನ್ ಅವನನ್ನು ಕುಲುಮೆಯಲ್ಲಿಟ್ಟು ಕಾಯಿಸಿದ. ಹದ ಕೊಡಲು ನೀರು ಸಾಲದು, ತೋಳದ ಹಾಲು ಬೇಕು. ಅದನ್ನು ತುಂಬಲು ಮರದ ದೋಣಿಯೊಂದನ್ನು ಕೊರೆಯಬೇಕಿತ್ತು. ಆಗ ಸಿರ್ದೋನ್ ಎಂಬ ಕುಹಕಿ ಅಲ್ಲಿಗೆ ಬಂದು ದೋಣಿಯನ್ನು ನಾಲ್ಕು ಬೆರಳು ಗಿಡ್ಡ ಮಾಡಿಸಿದ. ನಮ್ಮ ಕಥೆಗಳಲ್ಲಿ ಶಕುನಿ ಮಾಡುವ ಕೆಲಸವನ್ನು ಅಲ್ಲಿ ಅವನು ಮಾಡುತ್ತಾನೆ, ಆದರೆ ಜನರನ್ನು ನಗಿಸುತ್ತಾ ಮಾಡುತ್ತಾನೆ. ಕೆಂಪಗೆ ಕಾದ ಸೊಸ್ಲಾನನನ್ನು ಹಾಲಿಗೆ ಹಾಕಿದಾಗ ಮೈಯೆಲ್ಲಾ ಉಕ್ಕಾಯಿತು. ಗಿಡ್ಡ ದೋಣಿಯಲ್ಲಿ ಕಾಲು ಚಾಚಲಾಗದೆ ಮೊಣಕಾಲುಗಳು ಮೇಲೆಯೇ ಉಳಿದವು, ಅವು ಮಾಂಸವಾಗಿಯೇ ಇದ್ದವು. ಎಷ್ಟೋ ಯುದ್ಧಗಳನ್ನು ಗೆದ್ದ ಅವನು ಕೊನೆಗೆ ಮಾಯದ ಚಕ್ರವೊಂದರ ಒಡೆಯನಾದ ಬಾಲ್ಸಗನ ವೈರ ಕಟ್ಟಿಕೊಂಡ. ಬಾಲ್ಸಗನ ಚಕ್ರ ಉರುಳಿ ಬಂದು ಆ ಮೊಣಕಾಲುಗಳನ್ನೇ ಕತ್ತರಿಸಿತು. ಸಾಯುತ್ತಾ ಬಿದ್ದಿದ್ದ ಅವನ ಬಳಿಗೆ ಕಾಡಿನ ಪ್ರಾಣಿಗಳು ಬಂದಾಗ ‘ನನ್ನ ಮಾಂಸ ತಿನ್ನು’ ಎಂದು ಅವನೇ ಕರೆದ. ತೋಳ ಒಲ್ಲೆನೆಂದಿತು.

ಚೆರ್ಕೆಸರ ಪಾಠದಲ್ಲಿ ಹೆಸರು ಸೊಸ್ರುಕೊ. ಅಲ್ಲಿ ಕಮ್ಮಾರ ಇಕ್ಕಳದಿಂದ ಕಾಲನ್ನು ಹಿಡಿದು ಅದ್ದಿದ್ದರಿಂದ ಇಕ್ಕಳ ಕಚ್ಚಿದ ಜಾಗ ಹದವಾಗಲಿಲ್ಲ. ಕುಹಕಿಯೇ ಇಲ್ಲದ ಈ ಪಾಠಕ್ಕಿಂತ ನಾಲ್ಕು ಬೆರಳಿನ ಪಾಠವೇ ನನಗೆ ಹೆಚ್ಚು ಇಷ್ಟ.

ನೀವು ಮುಂದೆ ಕೇಳುವುದು ನನಗೆ ಗೊತ್ತು. ಗಾಂಧಾರಿ ಕಣ್ಣುಪಟ್ಟಿ ಬಿಚ್ಚಿ ನೋಡಿದಾಗ ಮಗನ ಮೈಯೆಲ್ಲಾ ವಜ್ರವಾಯಿತು, ನಾಚಿಕೆಯಿಂದ ಮುಚ್ಚಿಕೊಂಡಿದ್ದ ತೊಡೆ ಮಾತ್ರ ಹಾಗೆಯೇ ಉಳಿಯಿತು ಎಂಬ ಕಥೆ ನಮ್ಮಲ್ಲಿ ಮನೆಮನೆಗೂ ಗೊತ್ತು. ಅದು ವ್ಯಾಸಭಾರತದಲ್ಲಿಲ್ಲ, ಬಾಯಿಂದ ಬಾಯಿಗೆ ಬಂದದ್ದು. ಗ್ರೀಕರ ಅಖಿಲೀಸನ ಹಿಮ್ಮಡಿಯ ಕಥೆಯೂ ಇದೇ ಜಾತಿಯದು. ಹಾಗಾದರೆ ಮೂರಕ್ಕೂ ಮೂಲ ಒಂದೇ ಎನ್ನೋಣವೇ? ಇಂಥ ಒಂದು ಹೋಲಿಕೆಯಿಂದ ಏನೂ ಸಿದ್ಧವಾಗುವುದಿಲ್ಲ ಎಂಬುದನ್ನು ದ್ಯುಮೆಜಿಲ್ ತಮ್ಮ ಹೊಸದರಲ್ಲಿ ಮಾಡಿದ ತಪ್ಪುಗಳಿಂದಲೇ ಕಲಿತರು. ಬಿಡಿ ಹೋಲಿಕೆ ಎಲ್ಲಿ ಬೇಕಾದರೂ ಹುಟ್ಟೀತು. ಹಲವು ಅಂಶಗಳು ಒಂದೇ ಬಗೆಯಲ್ಲಿ ಹೆಣೆದುಕೊಂಡಿದ್ದರೆ ಆಗ ಯೋಚಿಸಬೇಕು. ಅಂಥ ಹೆಣಿಗೆ ಅವರಿಗೆ ಬಾತ್ರಜ್ ಎಂಬ ಇನ್ನೊಬ್ಬ ನಾರ್ತ ವೀರನಲ್ಲಿ ಸಿಕ್ಕಿತು. ಬಾತ್ರಜನದೂ ಉಕ್ಕಿನ ಮೈ, ಅವನು ಉರಿಯುವ ರಾಶಿಯ ಮೇಲೆ ನಿಲ್ಲುತ್ತಾನೆ, ಅವನ ಖಡ್ಗವನ್ನು ಸಮುದ್ರಕ್ಕೆ ಎಳೆದು ಹಾಕುವವರೆಗೆ ಅವನಿಗೆ ಸಾವಿಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಕಪ್ಪು ಸಮುದ್ರದ ಉತ್ತರದ ಸಿಥಿಯನ್ನರು ಕಟ್ಟಿಗೆಯ ದೊಡ್ಡ ಒಟ್ಟಿಲಿನ ಮೇಲೆ ಕಬ್ಬಿಣದ ಖಡ್ಗವನ್ನು ನೆಟ್ಟು ಅದನ್ನೇ ಯುದ್ಧದೇವತೆಯೆಂದು ಪೂಜಿಸುತ್ತಿದ್ದರೆಂದು ಬರೆದಿದ್ದಾನೆ. ಒಸ್ಸೆಟರ ಭಾಷೆ ಆ ಸಿಥಿಯನ್ನರ ಬಳಗದ ಭಾಷೆ. ಒಟ್ಟಿಲು, ಖಡ್ಗ, ಯುದ್ಧದೇವತೆ, ನುಡಿಯ ನಂಟು ನಾಲ್ಕೂ ಕೂಡಿದಾಗ ಹೋಲಿಕೆಗೆ ತೂಕ ಬರುತ್ತದೆ.

ಪ್ರಶ್ನೆ: ಪುರೋಹಿತ, ಯೋಧ, ಉತ್ಪಾದಕ ಎಂಬ ಮೂರು ವರ್ಗಗಳನ್ನು ದ್ಯುಮೆಜಿಲ್ ಎಲ್ಲೆಡೆ ಕಂಡರಂತೆ. ಇದು ವರ್ಣವ್ಯವಸ್ಥೆಗೆ ವಿದೇಶಿ ಪ್ರಮಾಣಪತ್ರವಲ್ಲವೇ? ಬಸವಣ್ಣ ಹುಟ್ಟಿದ ನೆಲದವರು ಇದನ್ನು ಹೇಗೆ ಓದಬೇಕು? (ವಕೀಲರು, ವಿಜಯಪುರ)

ಉತ್ತರ: ಸಂಶಯಪಟ್ಟೇ ಓದಬೇಕು. ಆದರೆ ಅವರು ಹೇಳದ್ದನ್ನು ಅವರ ಬಾಯಲ್ಲಿ ಹಾಕಿ ಓದಬಾರದು. ನಾರ್ತರಲ್ಲಿ ಮೂರು ಮನೆತನಗಳಿವೆ. ಅಲಗಾತರ ಮನೆಯಲ್ಲಿ ಹಬ್ಬದ ಊಟ ನಡೆಯುತ್ತದೆ, ನಿಜವಾದ ಪರಾಕ್ರಮ ಹೇಳಿದವನ ತುಟಿಗೆ ತಾನಾಗಿ ಏರುವ ಮಾಯದ ಬಟ್ಟಲು ಅಲ್ಲಿಯೇ ಇರುತ್ತದೆ. ಅಹ್ಸರ್ತಗ್ಗಾತರು ಕಾದುವವರು. ಬೊರಾತರು ದನಕುರಿಗಳ ಸಿರಿವಂತರು. ಈ ವಿಂಗಡಣೆಯನ್ನು ಅವರು ವೇದ, ರೋಮ್, ಉತ್ತರ ಯುರೋಪಿನ ಪುರಾಣಗಳ ಜೊತೆ ಇಟ್ಟು ನೋಡಿದರು. ಮೊದಮೊದಲು ಪ್ರಾಚೀನ ಸಮಾಜಗಳು ನಿಜವಾಗಿಯೂ ಹೀಗೆ ಮೂರಾಗಿ ಒಡೆದಿದ್ದವೆಂದು ನಂಬಿದ್ದರು. 1950ರ ಸುಮಾರಿಗೆ, ಇದು ಜಗತ್ತನ್ನು ಕುರಿತ ಒಂದು ಚಿಂತನಕ್ರಮ, ಸಮಾಜ ಹಾಗೆ ಇರಲೇಬೇಕೆಂದಿಲ್ಲ ಎಂಬ ನಿಲುವಿಗೆ ಬಂದರು. ಕಥೆಯಲ್ಲಿ ಮೂರು ಮನೆತನಗಳಿವೆ ಎಂದ ಮಾತ್ರಕ್ಕೆ ಊರಿನಲ್ಲೂ ಮೂರು ಜಾತಿಗಳಿದ್ದವೆಂದಾಗಲಿ, ಇರಬೇಕೆಂದಾಗಲಿ ಆಗುವುದಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಅವರ 1930ರ ದಶಕದ ರಾಜಕೀಯ ಒಲವು ಬಲಪಂಥೀಯವಾಗಿತ್ತು. ಆ ಒಲವು ಅವರ ಬರಹದೊಳಗೂ ಇಳಿದಿದೆಯೆಂದು ಇಟಲಿಯ ಇತಿಹಾಸಕಾರರಾದ ಅರ್ನಾಲ್ಡೊ ಮೊಮಿಲಿಯಾನೊ ಮತ್ತು ಕಾರ್ಲೊ ಗಿನ್ಜ್‌ಬರ್ಗ್ 1980ರ ದಶಕದಲ್ಲಿ ಆಕ್ಷೇಪ ಎತ್ತಿದರು. 1992ರಲ್ಲಿ ಫ್ರಾನ್ಸಿನ ಲೇಖಕ ದಿದಿಯೇ ಎರಿಬೊನ್ ದ್ಯುಮೆಜಿಲ್ ಅವರ ಪರವಾಗಿ ಒಂದು ಪುಸ್ತಕವನ್ನೇ ಬರೆದರು. ನನ್ನ ಮಟ್ಟಿಗೆ, ಮೂರು ವರ್ಗಗಳ ಸಿದ್ಧಾಂತವನ್ನು ಅವರು ಮೂರು ಸಿಕ್ಕಿದಲ್ಲೆಲ್ಲಾ ಹೊಂದಿಸಲು ಹೋಗಿ ಸಡಿಲ ಮಾಡಿಕೊಂಡರು. ಉಬಿಖ್ ಪಠ್ಯಗಳಿಗೆ ಆ ಸಡಿಲ ತಟ್ಟಿಲ್ಲ.

ಪ್ರಶ್ನೆ: ‘ಕಾಕೇಶಿಯನ್’ ಎಂದರೆ ಬಿಳಿಯ ಜನಾಂಗ ಎಂದು ಶಾಲೆಯಲ್ಲಿ ಓದಿದ್ದೆ. ಅದಕ್ಕೂ ಈ ಭಾಷೆಗಳಿಗೂ ಸಂಬಂಧವೇನು? (ಓದುಗರು, ಇಂಡಿ)

ಉತ್ತರ: ಯಾವ ಸಂಬಂಧವೂ ಇಲ್ಲ. ಜರ್ಮನಿಯ ಅಂಗರಚನಾವಿಜ್ಞಾನಿ ಬ್ಲೂಮೆನ್‌ಬಾಖ್ 1795ರಲ್ಲಿ, ತನ್ನ ಬಳಿಯಿದ್ದ ಜಾರ್ಜಿಯದ ಒಂದು ತಲೆಬುರುಡೆ ಎಲ್ಲಕ್ಕಿಂತ ಅಂದವಾಗಿದೆಯೆಂದು ಬಗೆದು ಆ ಹೆಸರನ್ನು ಜನಾಂಗಕ್ಕೆ ಹಚ್ಚಿದ. ಭಾಷಾವಿಜ್ಞಾನದಲ್ಲಿ ಕಾಕಸಸ್ಸಿನ ನುಡಿಗಳೆಂದರೆ ಜಾರ್ಜಿಯನ್ ಸೇರಿದ ದಕ್ಷಿಣದ ಕುಟುಂಬ, ಚೆರ್ಕೆಸ್, ಅಬ್ಖಾಜ್, ಉಬಿಖ್ ಸೇರಿದ ವಾಯವ್ಯದ ಕುಟುಂಬ, ಚೆಚೆನ್, ಅವಾರ್, ಆರ್ಚಿ ಮೊದಲಾದವು ಸೇರಿದ ಈಶಾನ್ಯದ ಕುಟುಂಬ, ಇಷ್ಟೇ. ಹತ್ತನೆಯ ಶತಮಾನದ ಅರಬ್ ಲೇಖಕ ಅಲ್ ಮಸೂದಿ ಆ ಬೆಟ್ಟವನ್ನು ‘ನಾಲಿಗೆಗಳ ಬೆಟ್ಟ’ ಎಂದು ಕರೆದದ್ದು ಇವನ್ನು ನೋಡಿಯೇ.

ಪ್ರಶ್ನೆ: ನಮ್ಮ ಅಜ್ಜಿ ಕನ್ನಡದಲ್ಲಿ ಹೇಳುತ್ತಿದ್ದ ಕಾಗಕ್ಕ–ಗುಬ್ಬಕ್ಕನ ಕಥೆಯನ್ನೇ ನೆರೆಮನೆಯ ಆಜಿ ಮರಾಠಿಯಲ್ಲಿ ಹೇಳುತ್ತಿದ್ದರು. ಕಥೆ ಒಂದೇ ಎಂದಮೇಲೆ ಎರಡು ಭಾಷೆಗಳೂ ಮೂಲದಲ್ಲಿ ಒಂದೇ ಎಂದು ನಮ್ಮಲ್ಲಿ ಒಬ್ಬರು ವಾದಿಸುತ್ತಾರೆ, ಕಥೆ ಮೊದಲು ಯಾರದೆಂದು ಇನ್ನೊಬ್ಬರು ಜಗಳ ತೆಗೆಯುತ್ತಾರೆ. ಕಾಕಸಸ್ಸಿನ ಅಧ್ಯಯನ ಇದಕ್ಕೆ ಏನು ಹೇಳುತ್ತದೆ? (ಓದುಗರು, ನಿಪ್ಪಾಣಿ)

ಉತ್ತರ: ಈ ತಿಂಗಳ ಪತ್ರಗಳಲ್ಲಿ ಇದೇ ನನಗೆ ಬಹಳ ಸಂತೋಷ ಕೊಟ್ಟದ್ದು. ಕಥೆಯ ನಂಟು ಬೇರೆ, ನುಡಿಯ ನಂಟು ಬೇರೆ ಎಂಬುದನ್ನು ಕಾಕಸಸ್ಸಿನಷ್ಟು ಸ್ಪಷ್ಟವಾಗಿ ತೋರಿಸುವ ಸೀಮೆಗಳು ಕಡಿಮೆ. ನಾರ್ತರ ಕಥೆಗಳನ್ನು ಹೇಳುವವರ ಪಟ್ಟಿ ನೋಡಿರಿ. ಚೆರ್ಕೆಸ್ ಮತ್ತು ಅಬ್ಖಾಜರದು ವಾಯವ್ಯ ಕಾಕಸಸ್ ಕುಟುಂಬದ ನುಡಿ. ಒಸ್ಸೆಟರದು ಇರಾನಿ ನುಡಿ, ಅಂದರೆ ಸಂಸ್ಕೃತದ ದೂರದ ಬಳಗ. ಕರಾಚಾಯ್ ಮತ್ತು ಬಾಲ್ಕಾರರು ಆಡುವುದು ತುರ್ಕಿ ಬಳಗದ ನುಡಿ. ಚೆಚೆನ್ ಮತ್ತು ಇಂಗುಶರದು ಈಶಾನ್ಯ ಕುಟುಂಬ. ನಾಲ್ಕು ಕುಟುಂಬಗಳು, ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗದು. ಸತಾನಾ ಮಾತ್ರ ಸ್ವಲ್ಪ ಹೆಸರು ಬದಲಿಸಿಕೊಂಡು ಎಲ್ಲರ ಮನೆಯಲ್ಲೂ ಇದ್ದಾಳೆ. ನೆರೆಯವರು ಸಂತೆಯಲ್ಲಿ, ಮದುವೆಯಲ್ಲಿ, ಕುರಿಗಾವಲಿನಲ್ಲಿ ಕಲೆತಾಗ ಕಥೆ ದಾಟುತ್ತದೆ, ಅದಕ್ಕೆ ಎರಡೂ ನುಡಿ ಬಲ್ಲ ಒಬ್ಬ ಅಜ್ಜಿ ಸಾಕು. ವ್ಯಾಕರಣ ಅಷ್ಟು ಸಲೀಸಾಗಿ ದಾಟುವುದಿಲ್ಲ.

ನಿಮ್ಮ ಕಥೆಯನ್ನೇ ತೆಗೆದುಕೊಳ್ಳೋಣ. ಮರಾಠಿಯಲ್ಲಿ ಕಾಗೆಯ ಮನೆ ‘ಶೇಣಾಚೆ’, ಗುಬ್ಬಿಯ ಮನೆ ‘ಮೇಣಾಚೆ’. ಸಗಣಿಯ ಮನೆ ಮಳೆಗೆ ಕೊಚ್ಚಿಹೋಯಿತು, ಮೇಣದ ಮನೆ ಉಳಿಯಿತು. ಶೇಣ, ಮೇಣ ಎಂಬ ಪ್ರಾಸವೇ ಆ ಕಥೆಯನ್ನು ಮಗುವಿನ ಕಿವಿಯಲ್ಲಿ ನಿಲ್ಲಿಸುತ್ತದೆ. ಕನ್ನಡದಲ್ಲಿ ಸಗಣಿಗೂ ಮೇಣಕ್ಕೂ ಪ್ರಾಸ ಕೂಡುವುದಿಲ್ಲ. ಅದಕ್ಕೇ ನಮ್ಮಲ್ಲಿ ಹೇಳುವವರು ಗುಬ್ಬಕ್ಕನಿಗೆ ಕಲ್ಲಿನ ಮನೆಯನ್ನೂ ಕಟ್ಟಿಸಿ ಕೊಡುತ್ತಾರೆ, ಪ್ರಾಸದ ಹಂಗಿಲ್ಲದ ಕಾರಣ ಮನೆ ಯಾವುದರದಾದರೂ ನಡೆಯುತ್ತದೆ. ಕಥೆ ಗಡಿ ದಾಟಿತು, ಪ್ರಾಸ ಗಡಿಯಲ್ಲೇ ಉಳಿಯಿತು. ಹಾಗೆಂದು ಕಥೆ ಮರಾಠಿಯಿಂದಲೇ ಬಂತೆಂದು ತೀರ್ಪು ಕೊಡಲಾರೆ, ಎಲ್ಲಿಂದಲೋ ಬಂದ ಕಥೆಗೆ ಮರಾಠಿಯಲ್ಲಿ ಪ್ರಾಸ ಆಮೇಲೆ ಕೂಡಿಕೊಂಡಿರಬಹುದು. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾ ನಮ್ಮ ಸುತ್ತಲಿನ ಕಥೆಗಳನ್ನು ಸಂಗ್ರಹಿಸಿದ ಎ.ಕೆ. ರಾಮಾನುಜನ್ ಅವರಿಗೂ ಇದು ಚೆನ್ನಾಗಿ ತಿಳಿದಿತ್ತು. ಒಂದು ಕಥೆಯ ಹಲವು ಪಾಠಗಳಲ್ಲಿ ಮೂಲ ಯಾವುದೆಂದು ಕೇಳುವ ಬದಲು, ಪ್ರತಿ ಹೇಳಿಕೆಯಲ್ಲಿ ಏನು ಬದಲಾಯಿತೆಂದು ನೋಡುವುದು ಅವರ ರೀತಿ. ನಿಮ್ಮ ನೆರೆಹೊರೆಯ ಜಗಳಗಂಟರಿಗೂ ಅದನ್ನೇ ಹೇಳಿರಿ.

ಇದೇ ಪ್ರಶ್ನೆಯ ಬೆನ್ನಿಗೆ ಬಾಗಲಕೋಟೆಯ ಓದುಗರೊಬ್ಬರು, ಆಳಿದವರೇ ಆಳಿಸಿಕೊಂಡವರ ಹಾಡು ಕಥೆಗಳನ್ನು ಕೂಡಿಸಿದ್ದರಲ್ಲಿ ಮೋಸವಿಲ್ಲವೇ ಎಂದು ಕೇಳಿದ್ದಾರೆ. ಕಾಕಸಸ್ಸಿನ ಅನೇಕ ನುಡಿಗಳಿಗೆ ಮೊದಲು ವ್ಯಾಕರಣ ಬರೆದ ಪೀಟರ್ ಉಸ್ಲಾರ್ (1816–1875) ರಷ್ಯದ ಸೈನ್ಯದ ದೊಡ್ಡ ಅಧಿಕಾರಿ. ಬೆಟ್ಟದ ಜನರ ನಾಯಕ ಶಮೀಲ್ 1859ರಲ್ಲಿ ಶರಣಾದ ಬೆನ್ನಲ್ಲೇ, 1860ರ ದಶಕದಲ್ಲಿ, ಅಬ್ಖಾಜ್, ಚೆಚೆನ್, ಅವಾರ್, ಲಾಕ್, ಲೆಜ್ಗಿ ಮೊದಲಾದ ನುಡಿಗಳನ್ನು ಆಡುವವರನ್ನೇ ಎದುರಿಗೆ ಕೂರಿಸಿಕೊಂಡು ಅವನು ಕಲಿತ, ಅವುಗಳಿಗೆ ಲಿಪಿ ಹೊಂದಿಸಿದ, ಮಕ್ಕಳಿಗೆ ಓದುಬರಹವನ್ನು ಅವರವರ ನುಡಿಯಲ್ಲೇ ಕಲಿಸಬೇಕೆಂದ. ನಮ್ಮಲ್ಲಿ ಜಾನ್ ಫೇತ್‌ಫುಲ್ ಫ್ಲೀಟ್ ಬ್ರಿಟಿಷ್ ಸರಕಾರದ ಅಧಿಕಾರಿ. ಅವನ ಸರಕಾರವೇ ಗಲ್ಲಿಗೇರಿಸಿದ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ, 1857ರಲ್ಲಿ ಆಯುಧ ಒಪ್ಪಿಸಲಾರೆವೆಂದು ಬಂಡೆದ್ದ ಹಲಗಲಿ ಬೇಡರ ಲಾವಣಿಯನ್ನೂ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಪಾಠದೊಡನೆ ಅಚ್ಚು ಹಾಕಿಸಿದವನು ಅವನೇ. ಬಂದೂಕು ಹಿಡಿದ ಕೈ ಬೇರೆಯಲ್ಲ, ಲೇಖನಿ ಹಿಡಿದ ಕೈ ಬೇರೆಯಲ್ಲ. ಆದರೆ ಹಲಗಲಿಯ ಆ ಪದಗಳನ್ನು ಇಂದು ಶಾಲೆಯಲ್ಲಿ ಓದುವಾಗ ನಮ್ಮ ಕಿವಿಗೆ ಬೀಳುವುದು ಬೇಡರ ದನಿ, ಫ್ಲೀಟನದಲ್ಲ. ಮೋಸವಿಲ್ಲವೇ ಎಂಬ ಪ್ರಶ್ನೆಯನ್ನು ಕೇಳುತ್ತಲೇ, ಆ ಹಾಳೆಗಳನ್ನು ಜೋಪಾನ ಮಾಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. 1881ರಿಂದ ತಿಫ್ಲಿಸ್ ನಗರದಲ್ಲಿ ಅಚ್ಚಾಗತೊಡಗಿದ ಕಾಕಸಸ್ಸಿನ ದೊಡ್ಡ ಸಂಗ್ರಹಮಾಲೆಗೆ ಕಥೆಗಳನ್ನು ಬರೆದು ಕಳಿಸಿದವರಲ್ಲಿ ಊರೂರಿನ ಶಾಲಾಶಿಕ್ಷಕರು ಬಹಳ ಮಂದಿ ಇದ್ದರೆಂಬುದನ್ನು ಜಮಖಂಡಿಯ ಗುರುಗಳು ಗಮನಿಸಬೇಕು.

ಪ್ರಶ್ನೆ: ಉಬಿಖ್ ಆಡುವವರು ಈಗ ಎಷ್ಟು ಜನ? ಆ ಭಾಷೆಯನ್ನು ಕೇಳಬಹುದೇ? (ಪಿಯುಸಿ ವಿದ್ಯಾರ್ಥಿ, ಗೋಕಾಕ)

ಉತ್ತರ: ಅದನ್ನು ತಾಯ್ನುಡಿಯಾಗಿ ಆಡುವವರು ಈಗ ಯಾರೂ ಇಲ್ಲ. ಚೆನ್ನಾಗಿ ಬಲ್ಲ ಕೊನೆಯವರೆಂದು ಹೆಸರಾದ ತೆವ್ಫಿಕ್ ಎಸೆಂಚ್ 1992ರ ಅಕ್ಟೋಬರ್ 7ರಂದು ತೀರಿಕೊಂಡರು. 1904ರಲ್ಲಿ ಹುಟ್ಟಿದ ಅವರು ಉಬಿಖ್ ಮಾತ್ರ ಬಳಸುತ್ತಿದ್ದ ಅಜ್ಜ ಅಜ್ಜಿಯರ ಮಡಿಲಲ್ಲಿ, ತುರ್ಕಿಯ ಹಾಜಿ ಉಸ್ಮಾನ್ ಎಂಬ ಹಳ್ಳಿಯಲ್ಲಿ ಬೆಳೆದರು. ಕೆಲವು ಕಾಲ ಆ ಊರಿನ ಮುಖಂಡರಾಗಿದ್ದು, ಆಮೇಲೆ ಇಸ್ತಾಂಬುಲಿನಲ್ಲಿ ಸರಕಾರಿ ನೌಕರಿ ಮಾಡಿದರು. ನಾರ್ವೆಯ ಹಾನ್ಸ್ ವೋಗ್ಟ್ 1963ರಲ್ಲಿ ತಂದ ಉಬಿಖ್ ನಿಘಂಟಿನ ಹಿಂದೆ ಅವರ ನೆನಪಿನ ಶಕ್ತಿ ಇದೆ. 1975ರಲ್ಲಿ ಬಂದ ಉಬಿಖ್ ಕ್ರಿಯಾಪದದ ಗ್ರಂಥದ ಮೇಲೆ ದ್ಯುಮೆಜಿಲ್ ತಮ್ಮ ಹೆಸರಿನ ಜೊತೆಗೆ ಎಸೆಂಚ್ ಅವರ ಹೆಸರನ್ನೂ ಹಾಕಿಸಿದರು. ಹೇಳಿದವನ ಹೆಸರನ್ನು ಮುನ್ನುಡಿಯ ಕೊನೆಯ ಸಾಲಿಗೆ ತಳ್ಳುವ ನಮ್ಮ ಕೆಲವು ಸಂಗ್ರಹಕಾರರು ಇದನ್ನು ನೋಡಬೇಕು.

ಆ ನುಡಿಯನ್ನು ಯಾರೂ ಒಂದು ದಿನ ಕೂತು ಬಿಡಲಿಲ್ಲ. ತುರ್ಕಿಗೆ ಬಂದ ಉಬಿಖರು ಹೆಚ್ಚಿನ ಸಂಖ್ಯೆಯ ಚೆರ್ಕೆಸರ ನಡುವೆ ಬಾಳಬೇಕಾಗಿ ಮನೆಗಳಲ್ಲಿ ಮೊದಲು ಚೆರ್ಕೆಸ್ ಹೊಕ್ಕಿತು, ಆಮೇಲೆ ಶಾಲೆ, ಸೈನ್ಯ, ನೌಕರಿಯ ಮೂಲಕ ತುರ್ಕಿ ಬಂದಿತು. ಎಸೆಂಚ್ ಅವರ ಸ್ವಂತ ಮಕ್ಕಳೇ ಅವರೊಡನೆ ಉಬಿಖ್‌ನಲ್ಲಿ ಮಾತಾಡಲಾರದವರಾಗಿದ್ದರು.

ಕೇಳಲು ಸಾಧ್ಯವೇ ಎಂದು ನೀವು ವಿಚಾರಿಸಿದ್ದೀರಿ. ಸಾಧ್ಯ. ಅವರ ದನಿಯ ಮುದ್ರಣಗಳನ್ನು ಫ್ರಾನ್ಸಿನ ಸಂಶೋಧನಾ ಸಂಸ್ಥೆ ಪ್ಯಾಂಗ್ಲಾಸ್ ಎಂಬ ಧ್ವನಿಸಂಗ್ರಹದಲ್ಲಿ ಅಂತರ್ಜಾಲದ ಮೂಲಕ ಎಲ್ಲರಿಗೂ ತೆರೆದಿಟ್ಟಿದೆ. ಕೇಳುವಾಗ ಒಂದನ್ನು ಗಮನಿಸಿರಿ. ಅನೇಕ ವರ್ಷಗಳ ಹಿಂದೆ ನಿಮ್ಮ ಗೋಕಾಕದ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಟೇಪ್ ರೆಕಾರ್ಡರ್ ಇಟ್ಟುಕೊಂಡು ಒಬ್ಬ ಅಜ್ಜಿಯ ಮುಂದೆ ಕೂತಿದ್ದೆ. ಯಂತ್ರದಲ್ಲಿ ನನ್ನ ದನಿ ಸೇರಬಾರದೆಂದು ನಾನು ತುಟಿ ಬಿಚ್ಚದೆ ಕೇಳುತ್ತಿದ್ದೆ. ರಾಜಕುಮಾರ ಕುದುರೆ ಏರುವ ಹೊತ್ತಿಗೆ ಅಜ್ಜಿ ಕಥೆ ನಿಲ್ಲಿಸಿ, ‘ಹೂಂ ಅನ್ನವರ ಇಲ್ಲಂದ್ರ ಕಥಿ ಯಾರಿಗಿ ಹೇಳಲೆಪಾ, ಈ ಡಬ್ಬಿಗೇನ?’ ಎಂದಳು. ನಾನು ಹೂಂ ಎಂದ ಮೇಲೆಯೇ ಕುದುರೆ ಮುಂದೆ ಹೋಯಿತು. ಎಸೆಂಚ್ ಅವರ ಮುದ್ರಣಗಳಲ್ಲಿ ಹೂಂಗುಟ್ಟುವವರಿಲ್ಲ. ಅಲ್ಲಿ ಅವರು ಹೇಳುವ ಕಥೆಗಳಲ್ಲಿ ಒಂದು ತೀರ ಚಿಕ್ಕದು. ಇಬ್ಬರು ದಾರಿ ಹಿಡಿದು ಹೊರಟರು, ಬುತ್ತಿಗೆಂದು ಒಬ್ಬ ಚೀಸ್ ಕೊಂಡ, ಇನ್ನೊಬ್ಬ ರೊಟ್ಟಿ ಮೀನು ಕೊಂಡ. ನಡೆಯುತ್ತಾ ಚೀಸಿನವನು, ‘ನಿಮ್ಮ ಜನ ಇಷ್ಟೊಂದು ಮೀನು ತಿನ್ನುತ್ತೀರಲ್ಲ, ಏಕೆ?’ ಎಂದು ಕೇಳಿದ. ‘ಮೀನು ತಿಂದರೆ ಬುದ್ಧಿ ಹೆಚ್ಚುತ್ತದೆ, ಅದಕ್ಕೇ ತಿನ್ನುತ್ತೇವೆ’ ಎಂದ ಮೀನಿನವನು. ಮುಂದೆ ಬುತ್ತಿ ಏನಾಯಿತೆಂಬುದನ್ನು ಎಸೆಂಚ್ ಅವರ ದನಿಯಲ್ಲೇ ಕೇಳಿರಿ.